ಒಂದು ತಲೆ ಕಡಿಮೆ

ಬುಧವಾರ ಬೆಳಿಗ್ಗೆ ಸೇತುವೆ ಬುಡದ ಬೋರ್ಡಿನಲ್ಲಿ ಸಾವಿರದ ಆರುನೂರ ಹದಿಮೂರು ಎಂದಿತ್ತು. ಹಿಂದಿನ ಸಂಜೆ ನಾನೇ ನೋಡಿ ಬಂದಿದ್ದೆ, ಹದಿನಾಲ್ಕಿತ್ತು. ಊರಲ್ಲಿ ಯಾರೂ ಸತ್ತಿರಲಿಲ್ಲ, ಯಾರೂ ಸೇತುವೆ ದಾಟಿರಲಿಲ್ಲ. ಕಟ್ಟೆ ಗುಡಿಸಲು ಬಂದಿದ್ದ ನಾನು ಪೊರಕೆ ಹಿಡಿದುಕೊಂಡು ಬೋರ್ಡಿನ ಕೆಳಗೆ ನಿಂತುಬಿಟ್ಟೆ. ಕಡಿಮೆಯಾದ ಆ ಒಂದು ತಲೆ ಯಾರದೆಂದು ನನಗೆ ಗೊತ್ತಿತ್ತು. ಅದು ನನ್ನದೇ.

ಆ ಬೋರ್ಡಿಗೆ ಯಾರೂ ಬಣ್ಣ ಬಳಿಯುವುದಿಲ್ಲ, ಅಂಕಿ ತಿದ್ದುವುದಿಲ್ಲ. ಮಗು ಹುಟ್ಟಿ ಅತ್ತ ಗಳಿಗೆಗೆ ಒಂದು ಏರುತ್ತದೆ, ಯಾರಾದರೂ ತೀರಿಕೊಂಡರೆ ಒಂದು ಇಳಿಯುತ್ತದೆ. ಒಣಗಿದ ಎಲೆ ಮುರಿದಷ್ಟು ಸದ್ದು, ಅಷ್ಟೇ. ಬೇರೆ ಊರಿನವರು ಮೋಡ ನೋಡುವ ಹಾಗೆ ನಮ್ಮವರು ಹಾಲು ತರಲು ಹೋಗುವಾಗ ತಲೆಯೆತ್ತಿ ಅದನ್ನೊಮ್ಮೆ ನೋಡುತ್ತಾರೆ. ಒಂದು ಏರಿದ್ದರೆ ಯಾರ ಮನೆಯಲ್ಲಿ ಬಾಣಂತಿ ಎಂದು ಕೇಳುತ್ತಾರೆ. ಇಳಿದಿದ್ದರೆ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಲ್ಲುತ್ತಾರೆ. ಹಿಂದೊಮ್ಮೆ ಅಂಕಿ ಇಳಿದಾಗ ಊರೆಲ್ಲ ಹುಡುಕಿ, ಹಾಳು ಬಾವಿಯಲ್ಲಿ ತಿಪ್ಪಮ್ಮನ ಹೆಣ ಸಿಕ್ಕಿತ್ತಂತೆ. ಮನೆಯವರು ಅವಳು ತಂಗಿಯ ಮನೆಯಲ್ಲಿದ್ದಾಳೆ ಎಂದುಕೊಂಡಿದ್ದರು. ಅಂದಿನಿಂದ ಕಣ್ಣು ಸುಳ್ಳು ಹೇಳಬಹುದು, ಬೋರ್ಡು ಹೇಳುವುದಿಲ್ಲ ಎಂಬ ಮಾತು ಊರಲ್ಲಿ ನಿಂತುಹೋಗಿದೆ.

ಊರಿನ ಹೆಸರುಗಳ ಪಟ್ಟಿ ಇರುವುದು ನನ್ನ ದೊಡ್ಡಮ್ಮ ದ್ಯಾವಮ್ಮನ ಹತ್ತಿರ. ನನ್ನ ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಏಳನೇ ಕ್ಲಾಸಿನಲ್ಲಿ ನನ್ನನ್ನು ಶಾಲೆಯಿಂದ ಬಿಡಿಸಿದವಳೂ ಅವಳೇ. ಎಣಿಕೆಯ ಕೆಲಸ ನಮ್ಮ ಮನೆತನದ್ದು, ಅವಳಿಗೆ ಮಕ್ಕಳಿಲ್ಲ, ಮಂಡಿ ಬೇರೆ ನೋವು. "ಓದಿ ಏನ್ ಮಾಡ್ತೀಯ ಹೊನ್ನಿ? ನೂರು, ಸಾವಿರ ಬರ್ತದಲ್ಲ, ಸಾಕು" ಅಂದಿದ್ದಳು. ನಾನು ತಲೆಯಾಡಿಸಿದ್ದೆ. ಯಾರು ಏನು ಹೇಳಿದರೂ ನಾನು ಮಾಡುತ್ತಿದ್ದದ್ದು ಅದೊಂದೇ. ಬಾಗಿಲಲ್ಲಿ ನಿಂತು ನೋಡುವುದು ನನಗೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂಬತ್ತು ವರ್ಷ ಬಾಗಿಲಿಂದ ಬಾಗಿಲಿಗೆ ಹೋಗಿ ನಾನು ಊರನ್ನು ಹಾಗೆಯೇ ಕಲಿತೆ. ನಾನೂರ ಎರಡು ಮನೆ. ಅದರಲ್ಲಿ ಒಬ್ಬೊಬ್ಬರೇ ಇರುವ ಮನೆ ತೊಂಬತ್ತು, ಅವರಲ್ಲಿ ಎಂಬತ್ತು ಹೆಂಗಸರು. ಅಂಗಿ ಗುಂಡಿಯ ಕಾರ್ಖಾನೆ ಮುಚ್ಚಿದ ಮೇಲೆ ಗಂಡಸರು ಒಬ್ಬೊಬ್ಬರಾಗಿ ಸೇತುವೆ ದಾಟಿದರು. ಮಸೀದಿ ಬೀದಿಯಲ್ಲಿ ಮಕ್ಕಳು ಹೆಚ್ಚು, ಇಗರ್ಜಿ ಬೀದಿಯಲ್ಲಿ ಮುದುಕರು ಹೆಚ್ಚು. ಯಾವ ಮನೆಯಲ್ಲಿ ನಾಲ್ಕು ಜನರಿಗೆ ಮೂರು ತಟ್ಟೆ ಇದೆ, ಯಾರು ಹೋದ ಮಗನ ಚಪ್ಪಲಿಯನ್ನು ಇನ್ನೂ ಬಾಗಿಲಲ್ಲೇ ಬಿಟ್ಟಿದ್ದಾರೆ, ಇವೆಲ್ಲ ಪಟ್ಟಿಯಲ್ಲಿ ಇರಲಿಲ್ಲ. ನನ್ನ ತಲೆಯಲ್ಲಿ ಇದ್ದವು.

ಊರು ಬಿಡುವವರು ನಮ್ಮಲ್ಲಿ ಬಿಡುತ್ತೇನೆ ಎಂದು ಹೇಳುವುದಿಲ್ಲ. "ಪೇಟೆಗೆ ಹೋಗ್ಬರ್ತೀನಿ" ಎನ್ನುತ್ತಾರೆ, ವಾರಕ್ಕೊಮ್ಮೆ ಬುಧವಾರ ಸಂಜೆ ಐದಕ್ಕೆ ಬರುವ ಬಸ್ಸು ಹತ್ತುತ್ತಾರೆ, ಅಷ್ಟೇ. ಅವರು ಸೇತುವೆ ದಾಟಿದಾಗ ಅಂಕಿ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನು ನಂಬಿರಲಿಲ್ಲ. ಐದು ವರ್ಷದ ಹಿಂದೆ ಟೈಲರ್ ಅಂತೋಣಪ್ಪನವರ ಮಗಳು ಫಿಲೋಮಿನಾ ಹೋದಳಲ್ಲ, ಆಗ ಅಂಕಿ ಇಳಿದದ್ದು ಅವಳು ಹೋಗುವ ಹಿಂದಿನ ಸಂಜೆ. ದೊಡ್ಡಮ್ಮ "ನೀನೇ ತಪ್ಪು ನೋಡಿದೀಯ" ಎಂದು ಗದರಿದಳು. ನಾನು ತಪ್ಪು ನೋಡಿರಲಿಲ್ಲ. ಮನಸ್ಸು ಹೊರಟ ಗಳಿಗೆಗೇ ಬೋರ್ಡು ನಮ್ಮನ್ನು ಕಳೆಯುತ್ತದೆ. ಕಾಲು ಆಮೇಲೆ ಹೋಗುತ್ತದೆ.

ಆ ಫಿಲೋಮಿನಾ ನನಗೆ ಕಾಗದ ಬರೆದಿದ್ದಳು. ಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸವಿದೆ, ಅವಳ ಕೋಣೆಯಲ್ಲೇ ಇರಬಹುದು, ಸಂಜೆಶಾಲೆಯಲ್ಲಿ ನನ್ನಂಥವರನ್ನೂ ಹತ್ತನೇ ಕ್ಲಾಸಿಗೆ ಕೂರಿಸುತ್ತಾರೆ, ಗುರುವಾರ ಹೆಸರು ಬರೆಸಲು ಕೊನೆಯ ದಿನ. ಹದಿನೈದು ದಿನ ಆ ಕಾಗದವನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡು ಹೋಗಲೋ ಬೇಡವೋ ಎಂದು ಒದ್ದಾಡಿದ್ದೆ. ಮಂಗಳವಾರ ದೀಪ ಹಚ್ಚುವಾಗ, ಹೋಗುತ್ತೇನೆ ಎಂದು ಮನಸ್ಸು ಗಟ್ಟಿಯಾಯಿತು. ಬೋರ್ಡು ಅದನ್ನು ಕೇಳಿಸಿಕೊಂಡಿತ್ತು.

ಏಳು ಗಂಟೆಗೆಲ್ಲ ಚೇರ್ಮನ್ ಶಾಂತಮಲ್ಲಪ್ಪ ಸೇತುವೆಗೆ ಅಡ್ಡಲಾಗಿ ಸರಪಳಿ ಕಟ್ಟಿಸಿದರು. ಬೋರ್ಡಿಗೂ ಪಟ್ಟಿಗೂ ತಾಳೆಯಾಗುವ ತನಕ ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ನಾವು ನಾಲ್ಕು ಜನ ಎಣಿಕೆಯವರು ಚೀಲ ಹಿಡಿದು ನಾಲ್ಕು ದಿಕ್ಕಿಗೆ ಹೊರಟೆವು. ಊರಿನ ಪ್ರತಿಯೊಬ್ಬರಿಗೂ ಒಂದೊಂದು ಚಿಪ್ಪಿನ ಗುಂಡಿ ಇರುತ್ತದೆ. ಹಿಂದೆ ಕಾರ್ಖಾನೆಯಲ್ಲಿ ಅಂಗಿಗಳಿಗೆಂದು ಕೊರೆಯುತ್ತಿದ್ದರಲ್ಲ, ಅದೇ. ಎಣಿಕೆಯ ದಿನ ಅವರವರ ಗುಂಡಿಯನ್ನು ಅವರವರ ಕೈಯಿಂದಲೇ ಚೀಲಕ್ಕೆ ಹಾಕಬೇಕು, ಕೈಗೂಸಿನದನ್ನು ಮಾತ್ರ ತಾಯಿ ಹಾಕಬಹುದು. ಎಣಿಸುವವರು ಮೊದಲು ತಮ್ಮದನ್ನು ಹಾಕಿಕೊಳ್ಳಬೇಕು. ನಾನೂ ನನ್ನ ಅಂಚು ಒಡೆದ ಗುಂಡಿಯನ್ನು ಹಾಕಿದೆ. ನನ್ನ ಲೆಕ್ಕಾಚಾರ ಇಷ್ಟೇ: ಎಲ್ಲರೂ ಬದುಕಿದ್ದಾರೆ, ಗುಂಡಿಗಳು ಸರಿಯಾಗಿ ಹದಿನಾಲ್ಕೇ ಬರುತ್ತವೆ, ದೊಡ್ಡವರು ತಲೆ ಕೆರೆದುಕೊಂಡು ಸರಪಳಿ ಬಿಚ್ಚುತ್ತಾರೆ, ನಾನು ಬಾಯಿ ಬಿಡದೆ ಬಸ್ಸು ಹತ್ತುತ್ತೇನೆ. ಬಟ್ಟೆಯ ಗಂಟನ್ನು ಆಗಲೇ ಜಬ್ಬಾರ್ ಸಾಬರ ಚಹಾದಂಗಡಿಯ ಹಿಂದೆ, ಸೌದೆಯ ಸಂದಿಯಲ್ಲಿ ತುರುಕಿದ್ದೆ.

ನನ್ನ ಪಾಲಿಗೆ ಬಂದದ್ದು ಕಾರ್ಖಾನೆ ಲೈನು. ಅಲ್ಲಿ ಕೊನೆಯ ಮನೆ ಮುದ್ದಯ್ಯನವರದು. ಲಕ್ವ ಹೊಡೆದು ಎರಡು ವರ್ಷವಾಯಿತು, ಮಲಗಿದಲ್ಲೇ. ಮಾತಿಲ್ಲ, ಕೈ ಏಳುವುದಿಲ್ಲ. ಹೆಂಡತಿ ಬೋರಮ್ಮ ನನ್ನನ್ನು ನೋಡಿದವಳೇ ಗಂಡನ ಅಂಗೈಯಲ್ಲಿ ಗುಂಡಿಯಿಟ್ಟು ಬೆರಳು ಮಡಚಿದಳು.

"ಹಾಕ್ರೀ, ಹೊನ್ನಿ ಬಂದವ್ಳೆ. ನಾಚ್ಕೋಬೇಡಿ, ಅವಳೇ ನಿಮ್ಗಿಂತ ನಾಚ್ಕೊಳ್ಳೋಳು" ಎನ್ನುತ್ತ ಆ ಕೈಯನ್ನು ಚೀಲದ ಮೇಲೆ ಮಗುಚಿದಳು. ಗುಂಡಿ ನನ್ನ ಬೆರಳಿಗೆ ತಾಗಿ ಒಳಗೆ ಬಿತ್ತು. ಬೆಚ್ಚಗಿತ್ತು. ಮುದ್ದಯ್ಯನವರ ಕಣ್ಣು ನನ್ನ ಮೇಲೆಯೇ ಇತ್ತು.

ಮೂರು ಗಂಟೆಗೆ ಊರೆಲ್ಲ ಸೇತುವೆಯ ಕಟ್ಟೆಯ ಸುತ್ತ ಸೇರಿತು. ದೊಡ್ಡಮ್ಮ ಜಮಖಾನದ ಮೇಲೆ ನಾಲ್ಕು ಚೀಲವನ್ನೂ ಸುರಿಸಿ, ನೂರು ನೂರರ ಗುಡ್ಡೆ ಮಾಡಿಸಿದಳು. ನಾಲ್ಕೂ ಕಾಲರ ಹೊತ್ತಿಗೆ ಅವಳು ಸೊಂಟ ಹಿಡಿದುಕೊಂಡು ಎದ್ದು ನಿಂತಳು.

"ಸಾವಿರದ ಆರುನೂರ ಹದಿನಾಲ್ಕು."

ನಾನು ಉಸಿರು ಬಿಟ್ಟೆ. ಆದರೆ ಚೇರ್ಮನ್ನರು ಸರಪಳಿಯ ಕಡೆ ನೋಡಲಿಲ್ಲ, ಬೋರ್ಡಿನ ಕಡೆ ನೋಡಿದರು.

"ಗುಂಡಿ ಹದಿನಾಲ್ಕು, ಬೋರ್ಡು ಹದಿಮೂರು. ಅಂದ್ರೆ ಇಲ್ಲದೋರ ಗುಂಡಿ ಒಂದು ಇದ್ರೊಳಗೆ ಬಿದ್ದದೆ. ಎಣಿಕೆಯೋರೇ, ಕೇಳ್ತಾ ಇದೀನಿ, ಒಬ್ರ ಗುಂಡೀನ ಇನ್ನೊಬ್ರ ಕೈ ಹಾಕ್ತಾ?"

ಮೂವರು ಇಲ್ಲವೆಂದರು. ನನ್ನ ಸರದಿ ಬಂತು. ಇಲ್ಲ ಎಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹುಟ್ಟಿದಾರಭ್ಯ ನನಗೆ ಬರುತ್ತಿದ್ದದ್ದು ಹೌದು ಎಂದು ತಲೆಯಾಡಿಸುವುದು. ಕೇಳಿದವರು ದೊಡ್ಡವರು, ಕೇಳಿದ್ದು ನಿಜ. "ಮುದ್ದಯ್ಯನೋರದು... ಬೋರಮ್ಮ ಕೈ ಹಿಡ್ಕೊಂಡಿದ್ರು" ಎಂದೆ. ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಲಿಲ್ಲ. ಊರಿಗೆ ಕೇಳಿಸಿತು.

ನಾಲ್ಕು ಜನ ಓಡಿಹೋಗಿ ಮುದ್ದಯ್ಯನವರನ್ನು ನೋಡಿ ಬಂದರು. "ಉಸಿರಾಡ್ತವ್ರೆ" ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು.

"ಉಸಿರಾಡಿದ್ರೆ ಆಯ್ತಾ?" ಎಂದರು ಚೇರ್ಮನ್ನರು. ಕೆಟ್ಟವರಲ್ಲ ಅವರು. ದನಿಯಲ್ಲಿ ದುಃಖವಿತ್ತು, ಅದರಿಂದಲೇ ಹೆದರಿಕೆಯಾಯಿತು. "ಹೋದ ಸಲ ಸಣ್ಣೀರಪ್ಪಂಗೆ ಬೋರ್ಡು ಕಳೆದ ಮೇಲೂ ಅರ್ಧ ದಿನ ಉಸಿರಿತ್ತು. ಜೀವ ಹೋಗ್ಯದೆ, ಉಸಿರು ಇನ್ನೂ ಹೊರಟಿಲ್ಲ, ಅಷ್ಟೇ. ದ್ಯಾವಮ್ಮ, ಹೆಸರು ಹೊಡಿ."

ಹೆಸರು ಹೊಡೆದರೆ ಏನಾಗುತ್ತದೆಂದು ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಮೊದಲು ಗುಂಡಿಯನ್ನು ಗುಂಡುಕಲ್ಲಿನಿಂದ ಜಜ್ಜುತ್ತಾರೆ. ಆಮೇಲೆ ಅದೇ ಕಲ್ಲಿನಿಂದ ಹೆಂಡತಿಯ ಬಳೆ. ಆಮೇಲೆ ಆ ಮನೆಯಲ್ಲಿ ಅವರಿಗೆ ಒಂದು ತುತ್ತು ಅನ್ನ, ಒಂದು ಗುಟುಕು ನೀರು ಇಡುವ ಹಾಗಿಲ್ಲ. ಸತ್ತವರಿಗೆ ಉಣಿಸಿದರೆ ಊರಿಗೆ ಕೇಡು. ಜಗಲಿಯ ಮೇಲೆ ಮಲಗಿಸಿ ಉಸಿರು ಹೋಗುವುದನ್ನು ಕಾಯುತ್ತಾರೆ.

ಬೋರಮ್ಮನನ್ನು ಇಬ್ಬರು ಹೆಂಗಸರು ಕಟ್ಟೆಗೆ ಕರೆತಂದರು. ಅವಳ ಬಾಯಿ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ.

"ಬೆಳಿಗ್ಗೆ ಗಂಜಿ ಕುಡ್ದವ್ರೆ ಕಣ್ರೋ! ಉಪ್ಪು ಕಮ್ಮಿ ಅಂತ ಮೂರು ಸಲ ನನ್ನ ಸೆರಗಿಗೆ ಉಗ್ದವ್ರೆ! ಸತ್ತೋರು ಉಗೀತಾರೇನ್ರೋ?"

"ಚೇರ್ಮನ್ರೆ, ಆ ಮಾತು ಸರಿ" ಎಂದರು ಜಬ್ಬಾರ್ ಸಾಬರು ಹಿಂದಿನಿಂದ. "ಗಂಜಿಗೆ ಉಪ್ಪು ಕಮ್ಮಿ ಅಂತ ಹೇಳೋನು ಪೂರ್ತಿ ಬದುಕಿರೋ ಗಂಡನೇ."

ಒಂದಿಬ್ಬರು ನಕ್ಕರು. ನಗು ಅಲ್ಲೇ ಒಣಗಿತು. "ಬೋರ್ಡು ಒಪ್ತಾ ಇಲ್ವಲ್ಲ ಸಾಬ್ರೆ" ಎಂದರು ಚೇರ್ಮನ್ನರು. ಎಲ್ಲರೂ ಬೋರ್ಡು ನೋಡಿದರು. ಹದಿಮೂರು. ದೊಡ್ಡಮ್ಮ ಗುಡ್ಡೆಯಲ್ಲಿ ಮುದ್ದಯ್ಯನವರ ಗುಂಡಿ ಹುಡುಕಿ ತೆಗೆದಳು. ಒಬ್ಬೊಬ್ಬರ ಗುಂಡಿಯೂ ಅವಳಿಗೆ ಮುಖದಷ್ಟೇ ಪರಿಚಯ. ಕಟ್ಟೆಯ ಮೇಲಿಟ್ಟು ಕಲ್ಲು ಕೈಗೆತ್ತಿಕೊಂಡಳು. ಬೋರಮ್ಮನ ಮುಖವನ್ನು ಮಾತ್ರ ನೋಡಲಿಲ್ಲ. ಬೋರಮ್ಮನೂ ಅವಳೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು.

"ದೊಡ್ಡಮ್ಮ" ಎಂದೆ.

ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ, ಈ ಸಲ ಜೋರಾಗಿಯೇ ಬಂತು. "ದೊಡ್ಡಮ್ಮ, ಅದು ನಾನು. ಕಮ್ಮಿ ಆಗಿರೋದು ನಾನು. ನಾನು ಊರು ಬಿಡ್ತಾ ಇದೀನಿ."

ಸಾವಿರದ ಆರುನೂರು ಜನ ಒಟ್ಟಿಗೆ ನನ್ನನ್ನು ನೋಡುವುದೆಂದರೆ ಏನೆಂದು ಅವತ್ತು ಗೊತ್ತಾಯಿತು. ಮೈಮೇಲಿನ ಸೀರೆ ಸಾಲದು ಅನ್ನಿಸಿತು. ತಡವರಿಸುತ್ತ ಎಲ್ಲ ಹೇಳಿದೆ. ಫಿಲೋಮಿನಾ ಹೋದಾಗ ಅಂಕಿ ಇಳಿದದ್ದು ಯಾವಾಗ, ನಿನ್ನೆ ದೀಪ ಹಚ್ಚುವಾಗ ನನ್ನೊಳಗೆ ಏನಾಯಿತು, ಗಂಟು ಎಲ್ಲಿದೆ. ಅಂತೋಣಪ್ಪನವರು ಟವಲಿನಿಂದ ಮುಖ ಮುಚ್ಚಿಕೊಂಡರು. ದೊಡ್ಡಮ್ಮನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಮನಸಲ್ಲಿ ಅಂದ್ಕೊಂಡ್ರೆ ಬೋರ್ಡು ಕಳೀತದಾ? ಹಂಗಾದ್ರೆ ನನ್ನ ಹೆಂಡ್ತೀನ ದಿನಕ್ಕೆ ನಾಲ್ಕು ಸಲ ಕಳೀಬೇಕಾಗಿತ್ತು" ಎಂದ ಯಾರೋ.

"ಪರೀಕ್ಷೆ ಮಾಡೋಣ" ಎಂದರು ಚೇರ್ಮನ್ನರು. "ಹೊನ್ನಮ್ಮ, ಎಲ್ರೂ ಕೇಳೋ ಹಂಗೆ ಹೇಳು, ಊರಲ್ಲೇ ಉಳೀತೀನಿ ಅಂತ. ನಿಂದೇ ತಲೆ ಆದ್ರೆ ಬೋರ್ಡು ಏರ್ಬೇಕು."

"ಉಳೀತೀನಿ" ಎಂದೆ. ಬೋರ್ಡು ಅಲುಗಲಿಲ್ಲ. "ಇಲ್ಲೇ ಉಳೀತೀನಿ, ಎಲ್ಲಿಗೂ ಹೋಗಲ್ಲ." ಹದಿಮೂರು ಹದಿಮೂರಾಗಿಯೇ ಇತ್ತು. ನಾಲಿಗೆಯನ್ನು ಎಷ್ಟು ಬೇಕಾದರೂ ಹೊರಳಿಸಬಹುದಿತ್ತು. ಆದರೆ ನನ್ನ ಕಿವಿ ಆಗಲೇ ಸೇತುವೆಯ ಆಚೆ ಬಸ್ಸಿನ ಸದ್ದಿಗೆ ಕಾಯುತ್ತಿತ್ತು. ಅದನ್ನು ಹಿಂದಕ್ಕೆ ಕರೆಯುವುದು ಹೇಗೆಂದು ಗೊತ್ತಾಗಲಿಲ್ಲ.

"ನೋಡ್ದ್ಯಾ?" ಎಂದರು ಚೇರ್ಮನ್ನರು ಮೆತ್ತಗೆ. "ಕರುಣೆಗೆ ಹೇಳ್ತಾ ಇದೀಯ ಮಗಳೇ. ಒಳ್ಳೇ ಹುಡುಗಿ. ಪಕ್ಕಕ್ಕೆ ಬಾ."

ಯಾರೋ ನನ್ನ ರಟ್ಟೆ ಹಿಡಿದು ಸರಿಸಿದರು. ದೊಡ್ಡಮ್ಮ ಕಲ್ಲು ಎತ್ತಿದಳು. ಆಗ ಬೋರಮ್ಮ ಕೂಗಾಡುವುದನ್ನು ನಿಲ್ಲಿಸಿಬಿಟ್ಟಳು. ತಾನೇ ಎಡಗೈ ಮುಂದೆ ಚಾಚಿ ಕಟ್ಟೆಯ ಮೇಲಿಟ್ಟಳು. ಹಸಿರು ಬಳೆಗಳು ಮೊಣಕೈಯ ಕಡೆಯಿಂದ ಮಣಿಕಟ್ಟಿಗೆ ಜಾರಿದವು. ಅವಳು ನನ್ನ ಕಡೆ ತಿರುಗಿ, ದಿನಾ ಬಾಗಿಲಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು: "ಹೊನ್ನಿ, ಒಲೆ ಮೇಲೆ ಅವರ ಮೈ ಒರೆಸೋ ನೀರಿಟ್ಟು ಬಂದೆ ಕಣವ್ವ. ಇನ್ಮೇಲೆ ನನ್ನ ಒಳಗೆ ಬಿಡ್ತಾರೋ ಇಲ್ವೋ. ನೀನು ಹೋಗಿ ಇಳಿಸ್ಬಿಡು. ಬಿಸಿ ಜಾಸ್ತಿ ಆದ್ರೆ ಅವರಿಗೆ ಹೇಳಾಕೆ ಬರಾಕಿಲ್ಲ."

ನಾನು ಆ ನೀರನ್ನು ಕಂಡೆ. ಮಸಿ ಹಿಡಿದ ತಪ್ಪಲೆ, ಬಾಗಿಲ ಹಿಂದೆ ನೇತುಹಾಕಿದ ಪಂಚೆಯ ತುಂಡು, ಹೇಳಲಾರದೆ ನೋಡುವ ಆ ಕಣ್ಣು. ಇವತ್ತು ಇಳಿಸಬಹುದು. ನಾಳೆ? ಬೇರೆ ಯಾರೂ ಹೊಸ್ತಿಲು ತುಳಿಯುವುದಿಲ್ಲ. ಕದ್ದಾದರೂ ಸರಿ, ಒಂದು ಲೋಟ ಗಂಜಿ ಒಯ್ಯುವವರು ಬೇಕು. ಹಿತ್ತಲ ಬೇಲಿಯಲ್ಲಿ ಒಂದು ಕಂಡಿ ಇದೆ, ನನಗೆ ಗೊತ್ತಿದೆ. ಬೆಳಿಗ್ಗೆ ಎಣಿಕೆಗೆ ಹೋಗುವ ಮುಂಚೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಗಂಜಿಗೆ ಉಪ್ಪು ಸ್ವಲ್ಪ ಜಾಸ್ತಿಯೇ ಹಾಕಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ತಲೆಯ ಮೇಲೆ ಒಣಗಿದ ಎಲೆ ಮುರಿದ ಸದ್ದಾಯಿತು.

"ಹದಿನಾಲ್ಕು!" ಎಂದು ಒಂದು ಹೆಣ್ಣುದನಿ ಕಿರುಚಿತು.

ದೊಡ್ಡಮ್ಮನ ಕೈಯಿಂದ ಕಲ್ಲು ಜಾರಿ ಅವಳ ಪಾದದ ಪಕ್ಕವೇ ಬಿತ್ತು. ಚೇರ್ಮನ್ನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೋರಮ್ಮ ಬೋರ್ಡನ್ನು ಒಮ್ಮೆ, ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು. ಗುಂಡಿಯನ್ನು ಬಾಚಿ ಸೆರಗಿಗೆ ಕಟ್ಟಿದಳು. "ನನ್ನ ನೀರೆಲ್ಲ ಬತ್ತಿಸಿದ್ರಲ್ಲೋ, ನಿಮ್ಮ ಬೋರ್ಡಿಗಿಷ್ಟು ಬೆಂಕಿ ಹಾಕ" ಎಂದು ಬೈಯುತ್ತ, ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಮನೆಯ ಕಡೆ ಓಡಿದಳು. ಬಳೆಯ ಸದ್ದು ಲೈನಿನ ತಿರುವಿನ ತನಕ ಕೇಳಿಸಿತು. ಯಾರೋ ಸರಪಳಿ ಬಿಚ್ಚಿದರು.

ಆಗ ಆಚೆ ದಡದಲ್ಲಿ ಬಸ್ಸಿನ ಹಾರನ್ ಆಯಿತು.

ಜನ ಚದುರಲಿಲ್ಲ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ಬೋರ್ಡನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಿದ್ದ ನನ್ನ ಮನಸ್ಸು ಅಷ್ಟೆತ್ತರದಲ್ಲಿ, ಬಿಳಿ ಅಂಕಿಯಲ್ಲಿ, ಎಲ್ಲರ ಕಣ್ಣೆದುರು ನೇತಾಡುತ್ತಿತ್ತು. ನಾನು ಬೋರಮ್ಮನ ಒಲೆಯನ್ನು ನೆನೆಯಲು ನೋಡಿದೆ. ಅವಳು ಆಗಲೇ ಅದರ ಮುಂದೆ ಕೂತಿದ್ದಾಳೆ, ಇನ್ನು ಅಲ್ಲಿ ನನ್ನ ಕೆಲಸವಿಲ್ಲ. ದೊಡ್ಡಮ್ಮನ ಮಂಡಿ ನೆನೆದೆ, ಚೀಲಗಳನ್ನು ನೆನೆದೆ, ನಾನೂರ ಎರಡು ಬಾಗಿಲು ನೆನೆದೆ. ಅವುಗಳ ಹಿಂದಿನಿಂದ ಅಕ್ಕಿ ಡಬ್ಬಿಯ ಕಾಗದ ಮೇಲೆ ಬಂತು. ಗುರುವಾರ ಕೊನೆಯ ದಿನ. ಹಾರನ್ ಎರಡನೇ ಸಲ ಕೂಗಿತು.

ಎಲೆ ಮುರಿಯಿತು. ಹದಿಮೂರು.

ನಾನು ನೆಲ ನೋಡಿದೆ. ನೆಲದ ಮೇಲೆ ದೊಡ್ಡಮ್ಮನ ಬಿರುಕುಬಿಟ್ಟ ಪಾದಗಳು ಬಂದು ನಿಂತವು.

"ಗಂಟು ಸೌದೇಲಿಟ್ಟಿದೀಯ ಅಂದ್ಯಲ್ಲ, ಗೆದ್ದಲು ಹತ್ತಿರ್ತದೆ, ಒದರಿಕೊಂಡು ಹೋಗು" ಎಂದಳು. ಗುಡ್ಡೆಗಳ ಮುಂದೆ ಕಷ್ಟಪಟ್ಟು ಕುಕ್ಕರಿಸಿ, ಒಂದೇ ಸಲಕ್ಕೆ ಅಂಚು ಒಡೆದ ನನ್ನ ಗುಂಡಿಯನ್ನು ಎತ್ತಿ ನನ್ನ ಅಂಗೈಗೆ ಒತ್ತಿದಳು. ಹೋದವರ ಗುಂಡಿಯನ್ನು ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. "ಹೊತ್ತಾಯ್ತು. ಪೇಟೆಗೆ ಹೋಗ್ಬಾ."

ಎಲ್ಲರೂ ಹೇಳುವ ಮಾತನ್ನೇ ಅವಳು ನನ್ನ ಪರವಾಗಿ ಹೇಳಿಕೊಟ್ಟಿದ್ದಳು. ನಾನು ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು.

"ಪೇಟೆಗಲ್ಲ ದೊಡ್ಡಮ್ಮ" ಎಂದೆ. "ಶಾಲೆಗೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಏಳನೇ ಕ್ಲಾಸಿನ ಪುಸ್ತಕ ಅಟ್ಟದ ಮೇಲವೆ. ಇಲಿ ತಿಂದಿಲ್ಲ. ಮುಂದಿನ ಬುಧವಾರ ಬಸ್ಸಲ್ಲಿ ಕಳಿಸ್ತೀನಿ" ಎಂದಳು.

ಸೌದೆಯ ಸಂದಿಯಿಂದ ಗಂಟು ಎಳೆದುಕೊಂಡು ಸೇತುವೆ ಮೇಲೆ ಓಡುವಾಗ ನಾನು ಹಿಂದಿರುಗಿ ನೋಡಲಿಲ್ಲ. ಬೋರ್ಡು ಬದಲಾಗುವುದಿಲ್ಲವೆಂದು ಗೊತ್ತಿತ್ತು, ಅದು ನನ್ನನ್ನು ಆಗಲೇ ಕಳೆದಿತ್ತು. ಬಸ್ಸು ಚಲಿಸುತ್ತಿದ್ದಾಗಲೇ ಹತ್ತಿ ಕಿಟಕಿಯ ಪಕ್ಕ ಕೂತೆ. ಗಂಟಿನಿಂದ ಸೌದೆಯ ಮಣ್ಣು ಉದುರುತ್ತಿತ್ತು. ಕಂಡಕ್ಟರ್ ಹಿಂದಿನಿಂದ ಪೆನ್ಸಿಲ್ ತುದಿಯಲ್ಲಿ ಒಂದೊಂದೇ ತಲೆಯನ್ನು ತೋರಿಸುತ್ತ, ಬಾಯೊಳಗೇ ಎಣಿಸಿಕೊಳ್ಳುತ್ತ ಬಂದ. ನಾನು ಮುಷ್ಟಿಯಲ್ಲಿ ಬೆಚ್ಚಗಾಗಿದ್ದ ಗುಂಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಪೆನ್ಸಿಲ್ ನನ್ನ ಮುಂದೆ ಒಂದು ಗಳಿಗೆ ನಿಂತಿತು.

"ಹದಿನೆಂಟು" ಎಂದು ಬರೆದುಕೊಂಡು ಅವನು ಮುಂದಕ್ಕೆ ಹೋದ.